ಹದಿನಾಲ್ಕು ಬಿಳಿ ಹಣ್ಣು

ನಾಲ್ಕು ವರ್ಷದ ಹಿಂದೆ, ಗಂಡ ಅರುಣನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ, ವಸುಧಾ ತನ್ನ ಅತ್ತೆಗೆ ಒಂದು ಮಾತು ಕೊಟ್ಟಿದ್ದಳು.

ಶಿಕಾಗೋ ಬಳಿಯ ಬೋಲಿಂಗ್‌ಬ್ರೂಕಿನ ಮನೆಯ ಅಡುಗೆಮನೆಯಲ್ಲಿ, ಡಿಶ್‌ವಾಷರಿನ ಬಾಗಿಲು ತೆರೆದಿಟ್ಟುಕೊಂಡು ಇಬ್ಬರೂ ನಿಂತಿದ್ದರು. ಬಂದವರೆಲ್ಲ ಹೋಗಿಯಾಗಿತ್ತು. ಒಂದು ವರ್ಷದ ದಿಯಾ ತಾಯಿಯ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು. ಸುವರ್ಣಮ್ಮ ಲೋಟಗಳನ್ನು ಒಂದೊಂದಾಗಿ ಬೋರಲು ಹಾಕುತ್ತ, ಸೊಸೆಯ ಮುಖ ನೋಡದೆ ಹೇಳಿದ್ದರು:

"ನಿಂಗಿನ್ನೂ ಮೂವತ್ತೆರಡು ವಸು. ಮಗ ಹೋದ ಅಂತ ಸೊಸೆ ಬದುಕೂ ಮುಗೀಲಿ ಅನ್ನೋಳಲ್ಲ ನಾನು. ಮುಂದೆ ಯಾವತ್ತಾದ್ರೂ ಯಾರಾದ್ರೂ ಮನಸ್ಸಿಗೆ ಬಂದ್ರೆ ಮೊದ್ಲು ನಂಗೆ ಹೇಳು. ಊರಿಗೆಲ್ಲ ಗೊತ್ತಾಗಿ ಆಮೇಲೆ ನಂಗೆ ಗೊತ್ತಾಗೋ ಹಾಗೆ ಮಾತ್ರ ಮಾಡ್ಬೇಡ."

"ಅಂಥದ್ದೆಲ್ಲ ಏನೂ ಇರಲ್ಲ ಅತ್ತೆ."

"ಇರುತ್ತೋ ಇಲ್ವೋ. ಮಾತು ಕೊಡು."

"ಕೊಟ್ಟೆ. ಮೊದ್ಲು ನಿಮಗೇ ಹೇಳ್ತೀನಿ."

ಆಗ ಅದು ಸುಲಭದ ಮಾತಾಗಿತ್ತು. ಇಲ್ಲದ ವಸ್ತುವನ್ನು ಕೊಡುತ್ತೇನೆ ಎನ್ನುವುದಕ್ಕೆ ಏನು ಕಷ್ಟ?

ಈ ಡಿಸೆಂಬರಿನ ಮೂರನೆಯ ಭಾನುವಾರ, ಮನಸ್ಸಿಗೆ ಬಂದವನು ಗರಾಜಿನಿಂದ ಮನೆಯೊಳಗೆ ಬರುವ ಬಾಗಿಲಿನಲ್ಲಿ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದ. ಎಷ್ಟು ನಿಧಾನವಾಗಿ ಕಟ್ಟಬಹುದೋ ಅಷ್ಟು ನಿಧಾನವಾಗಿ. ಅವನ ತಲೆಯ ಮೇಲೆ, ಬಾಗಿಲ ಚೌಕಟ್ಟಿಗೆ ಕೆಂಪು ರಿಬ್ಬನ್ನಿನಿಂದ ಕಟ್ಟಿದ ಮಿಸಲ್‌ಟೋ ಗೊಂಚಲು ತೂಗುತ್ತಿತ್ತು.

"ಹೇಳಿದ್ಯಾ?" ಸತ್ಯ ಪಿಸುಗುಟ್ಟಿದ.

"ಇನ್ನೂ ಇಲ್ಲ."

"ಬೆಳಿಗ್ಗೆ ಹೇಳ್ತೀನಿ ಅಂದಿದ್ದೆ."

"ಬೆಳಿಗ್ಗೆ ಮೈಸೂರಿಗೆ ವೀಡಿಯೊ ಕಾಲ್‌ನಲ್ಲಿದ್ರು."

"ಆಮೇಲೆ?"

"ಆಮೇಲೆ ಒಗ್ಗರಣೆ ಹಾಕ್ತಿದ್ರು."

"ಒಗ್ಗರಣೆ ಒಂದು ನಿಮಿಷ ಕಣೇ."

"ಒಂದು ನಿಮಿಷದಲ್ಲಿ ಹೇಳೋ ಮಾತಾ ಇದು?"

ಸತ್ಯ ಕತ್ತೆತ್ತಿ ಅವಳನ್ನು ನೋಡಿದ. ಪಕ್ಕದ ವಾಷಿಂಗ್ ಮೆಷೀನಿನ ಮೇಲೆ ಬೆರಳಿನಿಂದ ಸುಮ್ಮನೆ ಗೆರೆ ಎಳೆಯುತ್ತ ನಿಂತಿದ್ದ ಅವಳ ಕಿವಿಯ ಹಿಂದಿನ ಕೂದಲು ಜಾರಿ ಕೆನ್ನೆಗೆ ಬಿದ್ದಿತ್ತು. ಅದನ್ನು ಸರಿಸಲು ಅವನ ಕೈ ಅರ್ಧ ಎದ್ದು, ಅಡುಗೆಮನೆಯಲ್ಲಿ ಪಾತ್ರೆ ಸದ್ದಾದೊಡನೆ ಮತ್ತೆ ಲೇಸಿಗೆ ಇಳಿಯಿತು.

"ವಸುಧಾ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲೇ ನೇಪರ್‌ವಿಲ್‌ನ ಕಂಪನಿಯವರಿಗೆ ಉತ್ತರ ಕೊಡ್ಬೇಕು. ಬರ್ತೀನಿ ಅಂದ್ರೆ ಜನವರೀಲಿ ನಾನು ಇಲ್ಲಿರ್ತೀನಿ. ಇಲ್ಲ ಅಂದ್ರೆ ಆ ಕೆಲಸ ಇನ್ನೊಬ್ಬರಿಗೆ. ಆಂಟಿಗೆ ಗೊತ್ತಿಲ್ಲದೆ ಊರು ಬದಲಾಯಿಸಿ ಬಂದು, ಅವರ ಕೈಯಡುಗೆ ಉಂಡ್ಕೊಂಡು, ಗರಾಜ್ ರಿಪೇರಿಯವನ ಥರ ನಟಿಸೋಕೆ ನನ್ನ ಕೈಲಿ ಆಗಲ್ಲ."

"ಇವತ್ತು ಹೇಳ್ತೀನಿ. ಖಂಡಿತ."

"ನೀನು ಹೇಳೋವರೆಗೂ ನಾನು ನಾಳೆ ಏನು ಹೇಳ್ಬೇಕು ಅಂತ ನಂಗೆ ಗೊತ್ತಿರಲ್ಲ."

ಅಷ್ಟರಲ್ಲಿ ಸುವರ್ಣಮ್ಮ ಡಬ್ಬಿ ಹಿಡಿದು ಬಂದೇಬಿಟ್ಟರು. "ಏನಪ್ಪಾ ಸತ್ಯ, ಇನ್ನೂ ಇಲ್ಲೇ ಇದೀಯ? ಆಮೇಲೆ ಸ್ನೋ ಜೋರಾಗತ್ತಂತೆ. ತಗೋ, ಪುಳಿಯೋಗರೆ. ಗಾಡಿ ಓಡಿಸ್ತಾ ತಿನ್ಬೇಡ, ಎಲ್ಲಾದ್ರೂ ನಿಲ್ಲಿಸಿ ತಿನ್ನು."

ಸತ್ಯ ಎದ್ದು ನಿಂತ. ಒಂದು ಕೈಯಲ್ಲಿ ಡಬ್ಬಿ ತೆಗೆದುಕೊಂಡು, ರಿಬ್ಬನ್ ಸರಿಮಾಡುವವನಂತೆ ಇನ್ನೊಂದು ಕೈ ಮೇಲೆತ್ತಿ ಇಳಿಸಿದ. ಅತ್ತೆಯ ಎದುರಿಗೆ ಬಳಸುವ ನಯದಲ್ಲಿ, "ಬರ್ತೀನಿ ವಸುಧಾ ಅವರೇ," ಎಂದ. ಕಾರು ಹಿಮದಲ್ಲಿ ಹಿಂದೆ ಸರಿದು, ರಸ್ತೆಗೆ ತಿರುಗಿ, ಮರೆಯಾಯಿತು.

ಸತ್ಯನಿಗೆ ಮೂವತ್ತೊಂಬತ್ತು. ಒಂದು ಮದುವೆ ಮಾಡಿಕೊಂಡು, ಜಗಳವಿಲ್ಲದೆ ಅದನ್ನು ಮುಗಿಸಿಕೊಂಡವನು. ಮನೆ ಬೇರೆ ರಾಜ್ಯದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ, ಕೆಲಸ ಡಿಯರ್‌ಬಾರ್ನಿನಲ್ಲಿ: ಹೊಸ ಕಾರಿನೊಳಗೆ ಗೊಂಬೆಗಳನ್ನು ಕೂರಿಸಿ, ಬೆಲ್ಟ್ ಕಟ್ಟಿ, ಗೋಡೆಗೆ ಗುದ್ದಿಸಿ, ಯಾವುದಕ್ಕೆ ಎಷ್ಟು ಪೆಟ್ಟಾಯಿತೆಂದು ಬರೆಯುವ ಕೆಲಸ. ಅವನ ಅಕ್ಕ ಪದ್ಮ ಇದ್ದದ್ದು ವಸುಧಾಳ ಪಕ್ಕದ ಬಡಾವಣೆಯಲ್ಲಿ. ಅಕ್ಕನನ್ನು ನೋಡಲು ಬಂದವನು ಮಾರ್ಚಿನ ಒಂದು ಶನಿವಾರ ವಸುಧಾಳ ಗರಾಜ್ ಬಾಗಿಲನ್ನು ಸರಿಮಾಡಿಕೊಟ್ಟ.

ಆಮೇಲೆ ಆ ಮನೆಯಲ್ಲಿ ಏನೇನೋ ಕೆಡತೊಡಗಿದವು. ಸಿಂಕು ಕೆಟ್ಟಿತು. ಸ್ಮೋಕ್ ಅಲಾರಂ ಕೆಟ್ಟಿತು. ಕೆಡದೇ ಇದ್ದ ಮಿಕ್ಸಿಯನ್ನು ವಸುಧಾ ಕೆಟ್ಟಿದೆ ಎಂದಳು. ಅವನು ಅದನ್ನು ಅರ್ಧ ಗಂಟೆ ಬಿಚ್ಚಿ ನೋಡಿ, ಏನೂ ಆಗಿಲ್ಲವೆಂದು ಗೊತ್ತಿದ್ದೂ, "ಸ್ವಲ್ಪ ಕಷ್ಟ ಇದೆ. ಮುಂದಿನ ವಾರ ಮತ್ತೆ ಬರಬೇಕಾಗುತ್ತೆ," ಎಂದ. ಅವತ್ತು ಇಬ್ಬರಿಗೂ ವಿಷಯ ತಿಳಿಯಿತು.

ತಿಳಿದದ್ದನ್ನು ಇಬ್ಬರೂ ಯಾರಿಗೂ ಹೇಳಲಿಲ್ಲ. ಪದ್ಮಳಿಗೂ ಇಲ್ಲ. ಮೊದಲು ಅತ್ತೆಗೆ ಹೇಳಬೇಕು, ಆಮೇಲೆ ಉಳಿದವರು. ಹೀಗೆ ಮೊದಲಿನವರಿಗೆ ಹೇಳಲಾಗದೆ ಯಾರಿಗೂ ಹೇಳದೆ ಏಳು ತಿಂಗಳು ಕಳೆದಿದ್ದವು.

ಗೊಂಚಲು ಕೊಟ್ಟವರು ಪಕ್ಕದ ಮನೆಯ ಹೆಲೆನಾ. ಪೋಲೆಂಡಿನಿಂದ ಚಿಕ್ಕಂದಿನಲ್ಲೇ ಶಿಕಾಗೋಗೆ ಬಂದ ಎಂಬತ್ತರ ಅಜ್ಜಿ. ಪ್ರತಿ ಡಿಸೆಂಬರಿನ ಮೊದಲ ವಾರ ಆ ರಸ್ತೆಯ ಮನೆಮನೆಗೂ ಮಿಸಲ್‌ಟೋ ಹಂಚುವುದು ಅವರ ಪದ್ಧತಿ. ಕ್ರಿಸ್‌ಮಸ್ಸಿಗೆ ಬಾಗಿಲಿಗೆ ಕಟ್ಟಿ, ಅದರ ಕೆಳಗೆ ಸಿಕ್ಕವರಿಗೆ ಮುತ್ತು ಕೊಡುವ ಗಿಡ ಅದು. ಅರುಣ ಹೋದ ಮೇಲೆ ಬಂದ ಮೂರು ಗೊಂಚಲುಗಳು ಕಟ್ಟುವವರಿಲ್ಲದೆ ಗರಾಜಿನ ಶೆಲ್ಫಿನಲ್ಲೇ ಒಣಗಿದ್ದವು. ಈ ವರ್ಷ ಐದು ವರ್ಷದ ದಿಯಾ ಹಟ ಹಿಡಿದಳು. ಎಲ್ಲರ ಮನೆಯಲ್ಲೂ ಇದೆ, ನಮ್ಮ ಮನೆಗೂ ಬೇಕು.

ಸುವರ್ಣಮ್ಮ ಕನ್ನಡಕ ಏರಿಸಿ ನೋಡಿದ್ದರು. "ಇದು ಬಂದಳಿಕೆ ಅಲ್ವೇನೇ? ನಮ್ಮ ಹಿತ್ತಲ ಮಾವಿನ ಮರಕ್ಕೆ ಹತ್ಕೊಂಡ್ರೆ ಆಳು ಕರೆಸಿ ಕಡಿಸ್ತಿದ್ವಿ. ಇಲ್ಲಿ ರಿಬ್ಬನ್ ಕಟ್ಟಿ ಹಂಚ್ತಾರೆ! ಮುಂಬಾಗಿಲಿಗೆ ಬೇಡ, ಅಲ್ಲಿ ತೋರಣ ಇದೆ. ಬೇಕಾದ್ರೆ ಗರಾಜ್ ಬಾಗಿಲಿಗೆ ಕಟ್ಕೊಳ್ಳಿ."

ಸತ್ಯ ಬರುವುದೂ ಹೋಗುವುದೂ ಅದೇ ಬಾಗಿಲಿನಲ್ಲಿ. ವಾಷರ್, ಡ್ರೈಯರ್, ಚಪ್ಪಲಿ ಸ್ಟ್ಯಾಂಡು ತುಂಬಿದ ಆ ಇಕ್ಕಟ್ಟಿನ ಜಾಗ ಅಡುಗೆಮನೆಯಿಂದ ಕಾಣುವುದಿಲ್ಲ, ಹಾಲಿನಿಂದಲೂ ಕಾಣುವುದಿಲ್ಲ.

ಹೆಲೆನಾ ಎರಡು ವಿಷಯ ಹೇಳಿ ಹೋಗಿದ್ದರು. ಒಂದು, ಅದರ ಕೆಳಗೆ ಮುತ್ತು ಕೊಟ್ಟವರು ಪ್ರತಿ ಮುತ್ತಿಗೂ ಒಂದು ಬಿಳಿ ಹಣ್ಣು ಕೀಳಬೇಕು. ಹಣ್ಣು ಮುಗಿದರೆ ಆ ವರ್ಷಕ್ಕೆ ಮುತ್ತೂ ಮುಗಿಯಿತು. ಎರಡು, ಹಣ್ಣು ವಿಷ, ಮಗುವಿನ ಕೈಗೆ ಸಿಗಬಾರದು.

ಮೊದಲನೆಯದನ್ನು ವಸುಧಾ ಚೆನ್ನಾಗಿ ನೆನಪಿಟ್ಟುಕೊಂಡಳು.

ಡ್ರೈಯರ್ ತಿರುಗುತ್ತಿದ್ದಾಗ ಮೊದಲ ಹಣ್ಣು. ಬೆಚ್ಚಗಿನ ಬಟ್ಟೆಯ ವಾಸನೆ, ಬೆನ್ನಿಗೆ ತಗುಲಿದ ಬಾಗಿಲ ಹಿಡಿ, ನಾಲ್ಕು ಗಂಟೆ ನಲವತ್ತು ನಿಮಿಷ ಓಡಿಸಿಕೊಂಡು ಬಂದ ಅವನ ಕೈಗಳ ತಣುಪು. "ಒಂದು," ಎಂದು ಅವನು ಹಣ್ಣನ್ನು ಕಿತ್ತು ಕೋಟಿನ ಒಳಜೇಬಿಗೆ ಹಾಕಿಕೊಂಡಿದ್ದ. ಮರುದಿನ ಹೊರಡುವಾಗ ಎರಡನೆಯದು. ಮೊನ್ನೆ ಶುಕ್ರವಾರ ಸಂಜೆ ಮೂರನೆಯದು. ಆಮೇಲೆ ಇಡೀ ಸಂಜೆ ಅವಳು ಅತ್ತೆಯ ಕಣ್ಣು ತಪ್ಪಿಸಿಕೊಂಡು ಓಡಾಡಿದ್ದಳು. ಸುಖವೋ ಹೆದರಿಕೆಯೋ, ಎದೆಯಲ್ಲಿ ಬಡಿದುಕೊಳ್ಳುವಾಗ ಎರಡೂ ಒಂದೇ ರೀತಿ ಬಡಿದುಕೊಳ್ಳುತ್ತವೆ.

ಸತ್ಯ ಹೊರಟು ಒಂದೂವರೆ ಗಂಟೆಯಾಗಿತ್ತು. ಮೂರೂವರೆಗೆ ಸುವರ್ಣಮ್ಮ ದಿಯಾಳಿಗೆ ಸಬ್ಬಕ್ಕಿ ಪಾಯಸ ಹಾಕಿಕೊಟ್ಟರು. ಇದೇ ಹೊತ್ತು, ಈಗಲೇ ಹೇಳಿಬಿಡುತ್ತೇನೆ ಎಂದು ವಸುಧಾ ಕುರ್ಚಿ ಎಳೆದುಕೊಂಡಳು.

"ಅತ್ತೆ, ಒಂದು ಮಾತು."

"ಹೇಳು."

ದಿಯಾ ಚಮಚ ಬಾಯಲ್ಲಿಟ್ಟುಕೊಂಡೇ ಹೇಳಿದಳು, "ಅಜ್ಜೀ, ದಿಸ್ ಸಬ್ಬಕ್ಕಿ ಈಸ್ ಸೋ ಮಚ್ ಬೆಟರ್. ದ ಡೋರ್ ವನ್ ಈಸ್ ಯಕ್ಕಿ."

"ಡೋರ್ ಸಬ್ಬಕ್ಕಿನಾ? ಅದ್ಯಾವ್ದು ಪುಟ್ಟಿ?"

"ದ ಕಿಸಿಂಗ್ ಪ್ಲಾಂಟ್."

ವಸುಧಾ ಕುರ್ಚಿ ಬೀಳಿಸಿಕೊಂಡು ಎದ್ದು ಗರಾಜ್ ಬಾಗಿಲಿಗೆ ಓಡಿದಳು. ಗೊಂಚಲಿನ ಕೆಳಗೆ, ಡಿಟರ್ಜೆಂಟ್ ಶೆಲ್ಫಿಗೆ ಕೈಯೆಟುಕಿಸಲು ಅತ್ತೆ ಬಳಸುವ ಎರಡು ಮೆಟ್ಟಿಲ ಸ್ಟೂಲು ನಿಂತಿತ್ತು. ಎಲೆಗಳ ನಡುವೆ ಹಣ್ಣುಗಳು ಬೆಂದ ಸಬ್ಬಕ್ಕಿಯ ಹಾಗೇ ಬೆಳ್ಳಗೆ, ಅರೆಪಾರದರ್ಶಕವಾಗಿ ಹೊಳೆಯುತ್ತಿದ್ದವು. ಅವಳು ಎಣಿಸಿದಳು. ಎಂಟು.

ಅವಳ ಕೆಲಸವೇ ಎಣಿಕೆ. ಊರಂಚಿನ ದೊಡ್ಡ ವೇರ್‌ಹೌಸಿನಲ್ಲಿ, ಕಂಪ್ಯೂಟರ್ ಹೇಳುವ ಲೆಕ್ಕಕ್ಕೂ ಶೆಲ್ಫಿನ ಮೇಲಿರುವ ಪೆಟ್ಟಿಗೆಗಳಿಗೂ ತಾಳೆಯಾಗದಿದ್ದಾಗ, ಕಡಿಮೆ ಬಿದ್ದದ್ದು ಎಲ್ಲಿ ಹೋಯಿತೆಂದು ಹುಡುಕುವುದು. ಮೊದಲು ಎಷ್ಟಿತ್ತು ಎಂಬುದೇ ಗೊತ್ತಿಲ್ಲದಿದ್ದರೆ ಹುಡುಕಿ ಪ್ರಯೋಜನವಿಲ್ಲ. ಇಲ್ಲಿ ಅದು ಗೊತ್ತಿತ್ತು. "ಮನೆಯಲ್ಲಿ ಏನಾದರೊಂದನ್ನು ಎಣಿಸಿ ಬರೆ" ಎಂದು ದಿಯಾಳ ಟೀಚರ್ ಕೊಟ್ಟ ಹೋಮ್‌ವರ್ಕ್ ಫ್ರಿಜ್ಜಿನ ಮೇಲೆ ಅಂಟಿಕೊಂಡಿತ್ತು, ಗೊಂಚಲು ಕಟ್ಟಿದ ದಿನವೇ ಬರೆದದ್ದು. ಒಂದು ಹಸಿರು ಗೊಂಚಲು, ಹದಿನಾಲ್ಕು ಬಿಳಿ ಸೊನ್ನೆ.

ಆರು ಕಾಣೆ.

"ಎಷ್ಟು ತಿಂದೆ ದಿಯಾ? ನಿಜ ಹೇಳು, ಅಮ್ಮ ಬಯ್ಯಲ್ಲ."

"ಟೂ. ನೋ, ಫೈವ್." ತಾಯಿಯ ಮುಖ ನೋಡಿ ಮಗುವಿನ ತುಟಿ ನಡುಗಿತು. "ಐ ಡೋಂಟ್ ನೋ, ಮಮ್ಮಾ."

ವಿಷದ ಹೆಲ್ಪ್‌ಲೈನಿನ ನಂಬರು ಫ್ರಿಜ್ಜಿನ ಬಾಗಿಲಿನ ಮ್ಯಾಗ್ನೆಟ್ಟಿನ ಮೇಲೆಯೇ ಇತ್ತು. ವಸುಧಾ ಅದನ್ನು ಒತ್ತಿದಳು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಟಾರ್ಚ್ ಹಿಡಿದು ಮಗುವಿನ ಬಾಯಿ ನೋಡತೊಡಗಿದಳು. ಸುವರ್ಣಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅವರ ಕೈ ದಿಯಾಳ ಬೆನ್ನ ಮೇಲೆ ಒಂದೇ ಸಮ ಮೇಲೆ ಕೆಳಗೆ ಓಡುತ್ತಿತ್ತು.

ಆ ಕಡೆಯ ನರ್ಸಿನ ಧ್ವನಿಗೆ ಯಾವ ಅವಸರವೂ ಇರಲಿಲ್ಲ. ವಯಸ್ಸು? ಐದು. ತೂಕ? ನಲವತ್ತೊಂದು ಪೌಂಡ್. ವಾಂತಿ? ಇಲ್ಲ. ಉಸಿರಾಟ? ಸರಿಯಾಗಿದೆ. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯಿತು.

"ಎಷ್ಟು ಹಣ್ಣು ತಿಂದಿರಬಹುದು?"

"ಆರು ಕಡಿಮೆ ಇದೆ."

"ಒಂದೆರಡಾಗಿದ್ದರೆ ಮನೆಯಲ್ಲೇ ನೋಡಿಕೊಳ್ಳಿ ಎನ್ನುತ್ತಿದ್ದೆ. ಆರು ಎಂದರೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ ಎನ್ನಬೇಕಾಗುತ್ತದೆ. ಆರೂ ಅವಳೇ ತಿಂದಿದ್ದಾಳೆಯೇ? ಬೇರೆ ಯಾರಾದರೂ ಕಿತ್ತಿರಬಹುದೇ, ಮ್ಯಾಮ್?"

ವಸುಧಾ ಕಿಟಕಿಯ ಆಚೆ ನೋಡಿದಳು. ಹಿಮ ಅಡ್ಡಡ್ಡವಾಗಿ ಬೀಳುತ್ತಿತ್ತು.

ಆರೂ ಅವಳೇ ತಿಂದಿದ್ದಾಳೆ ಎಂದರೆ ಸಾಕಿತ್ತು. ಆಸ್ಪತ್ರೆಗೆ ಹೋದರೆ ಕೆಡುಕೇನೂ ಇಲ್ಲವಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಈ ಗಲಾಟೆ ಮುಗಿದ ಮೇಲೆ ಅತ್ತೆಯನ್ನು ಕೂರಿಸಿಕೊಂಡು ನಿಧಾನವಾಗಿ, ಮೊದಲಿನಿಂದ, ಸರಿಯಾಗಿ ಹೇಳಬಹುದು. ಆದರೆ ಇಷ್ಟು ಹಿಮದಲ್ಲಿ ಕಾರು ತೆಗೆಯಬೇಕು. ಆ ಪುಟ್ಟ ಕೈಗೆ ಸೂಜಿ ಚುಚ್ಚುತ್ತಾರೆ. ಚುಚ್ಚುವಾಗ ಮಗು ತನ್ನನ್ನೇ ನೋಡುತ್ತದೆ.

"ಮ್ಯಾಮ್? ನಿಮಗೆ ಗೊತ್ತಿರುವಷ್ಟು ಸರಿಯಾದ ಸಂಖ್ಯೆ ನನಗೆ ಬೇಕು."

"ಮೂರಕ್ಕೆ ನಾನು ಲೆಕ್ಕ ಕೊಡಬಲ್ಲೆ," ವಸುಧಾ ಇಂಗ್ಲಿಷಿನಲ್ಲಿ ಹೇಳಿದಳು. "ಅವನ್ನು ಅವಳು ತಿಂದಿಲ್ಲ."

"ಹೇಗೆ ಗೊತ್ತು?"

"ಒಬ್ಬರು ನನಗೆ ಮುತ್ತು ಕೊಟ್ಟರು. ಮೂರು ಸಲ. ಪ್ರತಿ ಸಲವೂ ಒಂದು ಹಣ್ಣು ಕಿತ್ತುಕೊಂಡರು." ಇಷ್ಟಕ್ಕೆ ನಿಲ್ಲಬಹುದಿತ್ತು. ಏಳು ತಿಂಗಳು ಕಟ್ಟಿಟ್ಟದ್ದು ನಿಲ್ಲಲಿಲ್ಲ. "ಸತ್ಯ ಅಂತ ಅವರ ಹೆಸರು. ನಾವು ಮದುವೆಯಾಗಬೇಕೆಂದಿದ್ದೇವೆ."

ಆ ಕಡೆ ಕೀಬೋರ್ಡಿನ ಸದ್ದಾಯಿತು.

"ಕಂಗ್ರಾಜುಲೇಷನ್ಸ್," ಎಂದಳು ನರ್ಸ್. "ಉಳಿದ ಮೂರು?"

ವಸುಧಾಳಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಸುವರ್ಣಮ್ಮ ಮೈಸೂರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರು. ಇಂಗ್ಲಿಷ್ ಮಾತಾಡಲು ಸಂಕೋಚಪಡುತ್ತಿದ್ದರೇ ಹೊರತು ಕೇಳಿಸಿಕೊಳ್ಳಲು ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಮಗುವಿನ ಬೆನ್ನ ಮೇಲೆ ಓಡುತ್ತಿದ್ದ ಕೈ ನಿಂತಿತ್ತು.

ಆ ಕೈ ಸೀರೆಯ ಸೊಂಟದಿಂದ ತಮ್ಮ ಫೋನು ತೆಗೆದು ಮೇಜಿನ ಮೇಲೆ ಅವಳತ್ತ ನೂಕಿತು.

"ಅವನಿಗೆ ಮಾಡು," ಎಂದರು ಅತ್ತೆ. "ಅವನ ಹತ್ರ ಎಷ್ಟಿದೆ ಕೇಳು."

ಅತ್ತೆಯ ಫೋನಿನಲ್ಲಿ ಅವನ ಹೆಸರು 'ಸತ್ಯ ಗರಾಜ್' ಎಂದಿತ್ತು. ಎರಡನೆಯ ರಿಂಗಿಗೇ ಎತ್ತಿದ.

"ಹೇಳಿ ಆಂಟಿ! ಡಬ್ಬಿ ಇನ್ನೂ ತೆಗೆದಿಲ್ಲ, ಪ್ರಾಮಿಸ್."

"ನಾನು ಕಣೋ. ಸ್ಪೀಕರ್‌ನಲ್ಲಿದೀಯ, ಅತ್ತೆ ಇಲ್ಲೇ ಇದಾರೆ. ದಿಯಾ ಮಿಸಲ್‌ಟೋ ಹಣ್ಣು ತಿಂದಿದಾಳೆ. ನಿನ್ನ ಜೇಬಲ್ಲಿ ಎಷ್ಟಿದೆ ಎಣಿಸು."

ಅವನು ಅಯ್ಯೋ ದೇವರೇ ಎಂದದ್ದು ಕೇಳಿಸಿತು.

"ಓಡಿಸ್ತಾ ಎಣಿಸ್ಬೇಡ!" ಸುವರ್ಣಮ್ಮ ಕೂಗಿದರು. "ಪಕ್ಕಕ್ಕೆ ಹಾಕು ಮೊದ್ಲು!"

"ಎಕ್ಸಿಟ್ ಬಂತು ಆಂಟಿ, ತಗೋತಿದೀನಿ."

ಮೇಜಿನ ಮೇಲೆ ಎರಡು ಫೋನು. ಒಂದರಲ್ಲಿ ನರ್ಸಿನ ಕೀಬೋರ್ಡಿನ ಸದ್ದು, ಇನ್ನೊಂದರಲ್ಲಿ ನೂರು ಮೈಲಿ ಆಚೆ ಟಿಕ್ ಟಿಕ್ ಎನ್ನುವ ಇಂಡಿಕೇಟರ್. ದಿಯಾ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ವಸುಧಾ ಮಗಳ ಮಣಿಕಟ್ಟು ಹಿಡಿದು ನಾಡಿ ಎಣಿಸಲು ಹೋಗಿ, ಅದು ಮಗುವಿನದೋ ತನ್ನ ಬೆರಳಿನದೋ ತಿಳಿಯದೆ ಬಿಟ್ಟಳು.

"ಒಂದು, ಎರಡು," ಫೋನಿನಿಂದ ಸತ್ಯನ ಧ್ವನಿ ಬಂತು. "ಇದು ಒಣಗಿ ಅಂಟ್ಕೊಂಡಿದೆ, ಮೂರು. ನಾಲ್ಕು. ಐದು. ಐದಿದೆ."

"ಐದು ಹೇಗಾಗತ್ತೆ? ಮೂರೇ ಅಲ್ವಾ?"

"ಐದು ಕಣೇ."

"ಸರಿಯಾಗಿ ಹೇಳು ಸತ್ಯ, ಮಗು ವಿಷಯ! ನಂಗೆ ಗೊತ್ತಿರೋದು ಮೂರೇ."

"ನಿಂಗೆ ಗೊತ್ತಿರೋದು ಮೂರು. ನಿನ್ನೆ ಮಧ್ಯಾಹ್ನ ನೀನು ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡೇ ಸೋಫಾದಲ್ಲಿ ನಿದ್ದೆ ಹೋಗಿದ್ದೆ. ತುಂಬ ಸುಸ್ತಾಗಿದ್ದೆ. ಹಣೆಗೆ... ಅಷ್ಟೇ. ಆಂಟಿ, ಹಣೆಗೆ ಮಾತ್ರ. ಸೋಫಾ ಹತ್ರ ಗಿಡ ಇರ್ಲಿಲ್ಲ, ಅದಕ್ಕೆ ಆಮೇಲೆ ಹೋಗಿ ಕಿತ್ಕೊಂಡೆ."

ವಸುಧಾಳ ಕೈ ತನಗೆ ತಾನೇ ಹಣೆಗೆ ಹೋಯಿತು.

"ಐದನೇದು?" ಕೇಳಿದವರು ಸುವರ್ಣಮ್ಮ.

"ಇವತ್ತಿಂದು. ಹೊರಡೋವಾಗ ನೀವು ಡಬ್ಬಿ ಹಿಡ್ಕೊಂಡು ಬಂದ್ರಲ್ಲ ಆಂಟಿ. ಮುತ್ತು ಸಿಗಲಿಲ್ಲ. ಹಣ್ಣು ಮಾತ್ರ ಕಿತ್ಕೊಂಡು ಬಂದೆ. ಅಡ್ವಾನ್ಸ್."

ಸುವರ್ಣಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅದು ಕೋಪವೋ ಬೇರೇನೋ ವಸುಧಾಳಿಗೆ ಕಾಣಲಿಲ್ಲ.

"ಐದು ಅವರ ಬಳಿ ಇದೆ," ಅವಳು ನರ್ಸಿಗೆ ಹೇಳಿದಳು.

"ಹಾಗಾದರೆ ಮಗು ತಿಂದದ್ದು ಒಂದು. ಆಸ್ಪತ್ರೆ ಬೇಡ. ಬಾಯಿ ಒರೆಸಿ, ನೀರು ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ. ತೂಕಡಿಸುತ್ತಾಳೆಯೇ, ಹೊಟ್ಟೆ ನೋವು ಎನ್ನುತ್ತಾಳೆಯೇ ನೋಡುತ್ತಿರಿ. ಎರಡು ಗಂಟೆ ಬಿಟ್ಟು ನಾನೇ ಫೋನ್ ಮಾಡುತ್ತೇನೆ."

ಒಂದು ಫೋನು ಕಟ್ಟಾಯಿತು. ಇನ್ನೊಂದರಲ್ಲಿ ಸತ್ಯ, "ತಿರುಗಿಸ್ಕೊಂಡು ಬರ್ತಿದೀನಿ," ಎಂದ. ಬೇಡ ಎನ್ನಲು ವಸುಧಾ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ, "ನಿಧಾನವಾಗಿ ಬಾ," ಎಂದು ಇಟ್ಟುಬಿಟ್ಟರು.

ಆಮೇಲಿನ ಎರಡು ಗಂಟೆ ದಿಯಾ ಸೋಫಾದ ಮೇಲೆ ಕಾರ್ಟೂನ್ ನೋಡುತ್ತ ಕೂತಳು. ಅವಳು ಆಕಳಿಸಿದಾಗಲೆಲ್ಲ ಇಬ್ಬರು ಹೆಂಗಸರೂ ಒಟ್ಟಿಗೆ ಮುಂದಕ್ಕೆ ಬಾಗುತ್ತಿದ್ದರು.

"ಎಷ್ಟು ದಿನದಿಂದ?" ಕೊನೆಗೆ ಸುವರ್ಣಮ್ಮ ಕೇಳಿದರು.

"ಮೇ ತಿಂಗಳಿಂದ ಅತ್ತೆ."

"ಮಿಕ್ಸಿ ಕೆಟ್ಟಿರ್ಲಿಲ್ಲ ಅಲ್ವಾ?"

"...ಇಲ್ಲ."

"ಮೂರು ವಾರ ಕುಟ್ಟಾಣೀಲಿ ಚಟ್ನಿ ಕುಟ್ಟಿದೀನಿ ಕಣೇ."

ನಗಬೇಕೋ ಅಳಬೇಕೋ ತಿಳಿಯದೆ ವಸುಧಾ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಅತ್ತೆ ಎರಡನ್ನೂ ಮಾಡಲಿಲ್ಲ.

"ಮುತ್ತಿಗೆ ನಂಗೆ ಬೇಜಾರಿಲ್ಲ. ಹುಡುಗ ಒಳ್ಳೆಯವನು, ನಂಗೂ ಕಣ್ಣಿದೆ. ಆದ್ರೆ ಆ ಫೋನಿನವಳು ಕಂಗ್ರಾಜುಲೇಷನ್ಸ್ ಅಂದ್ಲಲ್ಲ ವಸು... ಅದು ನಾನು ಅನ್ಬೇಕಾಗಿದ್ದಿದ್ದು."

"ಭಯ ಆಯ್ತು ಅತ್ತೆ. ಹೇಳಿದ ದಿನಾನೇ ನೀವು ಪೆಟ್ಟಿಗೆ ಕಟ್ಕೊಂಡು ಮೈಸೂರಿಗೆ ಮಗಳ ಮನೆಗೆ ಹೊರಡ್ತೀರಿ ಅಂತ. ಇನ್ನು ನಿಂಗೆ ನಾನ್ಯಾಕೆ ಅಂತೀರಿ ಅಂತ. ಅರುಣ್ ಹೋದ ಮೇಲೆ ನಂಗೆ ಇರೋದು ನೀವೇ. ಒಬ್ಬರನ್ನ ತಂದ್ಕೊಳ್ಳೋಕೆ ಹೋಗಿ ನಿಮ್ಮನ್ನ ಕಳ್ಕೊಂಡ್ರೆ?"

ಸುವರ್ಣಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಅವತ್ತು ಮಾತು ಯಾಕೆ ತಗೊಂಡೆ ಅಂದ್ಕೊಂಡಿದೀಯ? ನೀನು ಮದುವೆ ಆಗಿ ಹೋದ ಮೇಲೆ ನಾನು ಯಾರಿಗೆ ಅತ್ತೆ? ಯಾರೋ ಬಂದು, ಇನ್ನು ನೀವು ಹೊರಡಿ ಅನ್ನೋಕೆ ಮುಂಚೆ ನಾನೇ ಹೊರಡ್ಬೇಕು ಅಂತ ಇತ್ತು. ಮೊದ್ಲೇ ಗೊತ್ತಾದ್ರೆ ಪೆಟ್ಟಿಗೆ ಕಟ್ಕೊಳ್ಳೋಕೆ ಟೈಮ್ ಸಿಗತ್ತಲ್ಲ. ಮರ್ಯಾದೆಯಾಗಿ."

ನಾಲ್ಕು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಭಯವನ್ನು ಬೇರೆಬೇರೆ ಕೋಣೆಯಲ್ಲಿ ಬಚ್ಚಿಟ್ಟುಕೊಂಡು ಬದುಕಿದ್ದರು. ವಸುಧಾ ಕೆಳಗೆ ಕಾರ್ಪೆಟ್ಟಿನ ಮೇಲೆ ಕುಳಿತು ಅತ್ತೆಯ ಮೊಣಕಾಲಿಗೆ ತಲೆ ಆನಿಸಿದಳು.

"ಯಾರೂ ಎಲ್ಲಿಗೂ ಹೋಗಲ್ಲ. ಅವನೇ ಇಲ್ಲಿಗೆ ಬರ್ತೀನಿ ಅಂತಿದಾನೆ. ನೇಪರ್‌ವಿಲ್‌ನಲ್ಲಿ ಕೆಲಸ ಸಿಕ್ಕಿದೆ. ನಾಳೆ ಒಂಬತ್ತು ಗಂಟೆಗೆ ಉತ್ತರ ಕೊಡ್ಬೇಕು. ನಿಮಗೆ ಗೊತ್ತಿಲ್ಲದೆ ಬರಲ್ಲ ಅಂದ. ನೀವು ಒಪ್ಪಿದ್ರೆ ಮಾತ್ರ."

"ಮೊದ್ಲು ಮಗು ನೋಡೋಣ," ಎಂದರು ಸುವರ್ಣಮ್ಮ. ಅಷ್ಟೇ ಎಂದರು.

ಹೊರಗೆ ಕತ್ತಲಾಗುತ್ತ ಬಂದಿತು. ಐದೂ ಮುಕ್ಕಾಲಿಗೆ ಗರಾಜ್ ಬಾಗಿಲು ಮೇಲೇಳುವ ಸದ್ದಾಯಿತು. ವಸುಧಾ ಏಳುವ ಮೊದಲೇ ಅತ್ತೆ ಎದ್ದಿದ್ದರು. ಅವರ ಹಿಂದೆಯೇ ಅವಳೂ ಹೋದಳು.

ಸತ್ಯ ಬಾಗಿಲಿನಲ್ಲಿ ನಿಂತಿದ್ದ. ಕೂದಲಲ್ಲಿ ಹಿಮ, ಮುಖದಲ್ಲಿ ಪರೀಕ್ಷೆಗೆ ಬಂದವನ ಕಳೆ. ಮೊದಲು ಅತ್ತೆಯ ಹೆಗಲಾಚೆ ಇಣುಕಿ, "ದಿಯಾ?" ಎಂದ.

"ಮೊಸರನ್ನ ತಿಂದಿದಾಳೆ. ನಗ್ತಾ ಇದಾಳೆ," ಎಂದಳು ವಸುಧಾ.

ಅವನು ಗೋಡೆಗೆ ಒರಗಿ ಉಸಿರು ಬಿಟ್ಟ.

"ಅಲ್ಲೇ ನಿಲ್ಲು," ಎಂದರು ಸುವರ್ಣಮ್ಮ. "ಜೇಬಲ್ಲಿರೋದನ್ನೆಲ್ಲ ತೆಗೆದು ಈ ಕವರಿಗೆ ಹಾಕು. ಮಗು ಇರೋ ಮನೆ. ಆಮೇಲೆ ಆ ಗೊಂಚಲನ್ನ ಇನ್ನೂ ಮೇಲೆ, ಸೀಲಿಂಗಿಗೆ ಕಟ್ಟು."

ಅವನು ಒಂದೊಂದಾಗಿ ಐದನ್ನೂ ಹಾಕಿದ. ಅತ್ತೆ ಎಣಿಸಿಕೊಂಡು ಕವರಿಗೆ ಗಂಟು ಹಾಕಿದರು.

"ಆಂಟಿ, ನಾನು ಮುಂಚೇನೇ ಬಂದು ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು."

"ತಪ್ಪು ನಿಂದಲ್ಲ. ನಂಗೆ ಮಾತು ಕೊಟ್ಟೋಳು ಅವಳು." ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಆ ಕೆಲಸದವರನ್ನ ನಾಳೆ ಒಂಬತ್ತರವರೆಗೆ ಯಾಕೆ ಕಾಯಿಸ್ತೀಯ? ಬರ್ತೀನಿ ಅಂತ ಇವತ್ತೇ ಬರೆದು ಹಾಕು."

ವಸುಧಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸಾರು ಉಕ್ಕುತ್ತೆ, ನಾನು ಹೋಗ್ತೀನಿ," ಎಂದು ಸುವರ್ಣಮ್ಮ ಅಡುಗೆಮನೆಗೆ ನಡೆದರು. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಇಕ್ಕಟ್ಟಿನ ಜಾಗದಲ್ಲಿ ಇಬ್ಬರೇ ಉಳಿದರು. ಅವನ ಕೋಟಿನಿಂದ ಕರಗಿದ ಹಿಮ ಟಪ್ ಟಪ್ ಎಂದು ಮ್ಯಾಟಿನ ಮೇಲೆ ಬೀಳುತ್ತಿತ್ತು. ಬೆಳಿಗ್ಗೆಯಿಂದ ಕೆನ್ನೆಗೆ ಜಾರುತ್ತಲೇ ಇದ್ದ ಅವಳ ಕೂದಲನ್ನು ಈ ಸಲ ಅವನು ಪೂರ್ತಿ ಕೈಯೆತ್ತಿ ಕಿವಿಯ ಹಿಂದೆ ಸರಿಸಿದ. ಅವಳು ಅವನ ಒದ್ದೆ ಎದೆಗೆ ಮುಖ ಒತ್ತಿ ನಡುಗಿದಳು. ಇಡೀ ಮಧ್ಯಾಹ್ನ ನಡುಗದೆ ಹಿಡಿದಿಟ್ಟದ್ದೆಲ್ಲ ಈಗ ನಡುಗಿತು. ಮುತ್ತಿನ ಹೊತ್ತಿನಲ್ಲಿ ಯಾರೂ ಹಣ್ಣು ಕೀಳಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನರ್ಸ್. ಮಗು ಚೆನ್ನಾಗಿದೆ ಎಂದು ಕೇಳಿ ಸಂತೋಷಪಟ್ಟು, ಇನ್ನು ಗಾಬರಿಯಿಲ್ಲ ಎಂದಳು. ಇಡುವ ಮೊದಲು ಸ್ವಲ್ಪ ತಡೆದು, "ಮದುವೆ ಯಾವಾಗ?" ಎಂದು ಕೇಳಿದಳು. ವಸುಧಾ ಅಡುಗೆಮನೆಯತ್ತ ನೋಡಿದಳು.

"ಯುಗಾದಿ ಆದ್ಮೇಲೆ," ಒಳಗಿನಿಂದ ಅತ್ತೆಯ ಧ್ವನಿ ಬಂತು.

ಮೊದಲು ಅತ್ತೆಗೆ ಹೇಳುತ್ತೇನೆ ಎಂದು ವಸುಧಾ ಮಾತು ಕೊಟ್ಟಿದ್ದಳು. ಮೊದಲು ಹೇಳಿದ್ದು ಹೆಲ್ಪ್‌ಲೈನಿನ ನರ್ಸಿಗೆ. ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.